ಚಿಕ್ಕಮ್ಮನ ಶಿಬಿರದ ಪ್ಲಾನಿಗೆ ಉತ್ತರ: 40 ಜನ ಬೇಡ, 10 ಜನ ಸಾಕು

ಎಲ್ರಿಗೂ ನಮಸ್ಕಾರ. ಚಿಕ್ಕಮ್ಮ, ನಿನ್ನೆ ರಾತ್ರಿ ನೀವು ಈ ಗ್ರೂಪಲ್ಲಿ ಹಾಕಿದ ಶಿಬಿರದ ಪ್ಲಾನ್ ಪೂರ್ತಿ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಮಾತಲ್ಲೇ ಹೇಳ್ಬಿಡ್ತೀನಿ. ಉದ್ದ ಆಗತ್ತೆ, ಕೆಲಸ ಮಾಡ್ಕೊಂಡೇ ಕೇಳಿಸ್ಕೊಳ್ಳಿ. ನೋಡದೇ ಇದ್ದೋರಿಗೆ: ಮಹಿಳಾ ಸಂಘದಿಂದ ಮುಂದಿನ ತಿಂಗಳು ಒಂದು ಭಾನುವಾರ ಬೆಳಗ್ಗೆ 9:30ರಿಂದ ಸಂಜೆ 5:30ರ ತನಕ ಸಮುದಾಯ ಭವನದಲ್ಲಿ 40 ಜನಕ್ಕೆ 'ಮನಸ್ಸು ಹಗುರ' ಶಿಬಿರ. ಊಟ ಆದ್ಮೇಲೆ ದೀಪ ಆರಿಸಿ, ಸಂಗೀತ ಹಾಕಿ, ಒಬ್ಬೊಬ್ರೂ ಮೈಕ್ ಹಿಡಿದು ಜೀವನದ ಅತಿ ದೊಡ್ಡ ನೋವನ್ನ ಹೇಳ್ಕೊಳ್ಳೋದು. ಕೊನೇಲಿ ಗ್ರೂಪ್ ಫೋಟೊ.

ಶಿಬಿರ ಖಂಡಿತಾ ಮಾಡಿ ಚಿಕ್ಕಮ್ಮ. ಆದ್ರೆ ಈ ಥರ ಮಾಡ್ಬೇಡಿ.

ಮೊದಲು ಲೆಕ್ಕ ಹಾಕಿ. 40 ಜನ, ತಲಾ 5 ನಿಮಿಷ ಅಂದ್ರೆ 200 ನಿಮಿಷ, ಮೂರೂ ಕಾಲು ಗಂಟೆ ದಾಟತ್ತೆ. 20 ವರ್ಷ ಒಳಗಿಟ್ಕೊಂಡಿದ್ದನ್ನ ಒಬ್ರು 5 ನಿಮಿಷದಲ್ಲಿ ಹೊರಗೆ ಹಾಕ್ತಾರೆ, ಚಪ್ಪಾಳೆ ಬೀಳತ್ತೆ, ಮೈಕ್ ಮುಂದಿನೋರಿಗೆ ಹೋಗತ್ತೆ. ಕೇಳಿಸ್ಕೊಂಡೋರು ಯಾರು? ಸಂಜೆ 4:30ಕ್ಕೆ ಬಾಯಿ ಬಿಟ್ಟೋರು 5:30ಕ್ಕೆ ಬಸ್ ಸ್ಟ್ಯಾಂಡಲ್ಲಿ ಇರ್ತಾರೆ. ರಾತ್ರಿ ಎಲ್ರೂ ಮಲಗಿದ್ಮೇಲೆ ಅದು ಮತ್ತೆ ಎದ್ದು ಬರತ್ತೆ, ಆಗ ಪಕ್ಕದಲ್ಲಿ ಯಾರೂ ಇರಲ್ಲ. ಆಘಾತ ಆದೋರನ್ನ ಒಂದೇ ಸಲ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸೋ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಕೂಡ ಹೇಳಿದೆ. ಅದರಿಂದ ಉಪಯೋಗ ಕಾಣಲಿಲ್ಲ, ಕೆಲವರಿಗೆ ಇನ್ನೂ ಕೆಟ್ಟದಾಯ್ತು. ಅತ್ತುಬಿಟ್ರೆ ಹಗುರ ಆಗತ್ತೆ ಅನ್ನೋದು ಅರ್ಧ ಸತ್ಯ. ಅತ್ತಾಗ ಎದುರಿಗಿರೋರು ಹೇಗೆ ಇದ್ರು, ಆಮೇಲೆ ಏನಾಯ್ತು ಅನ್ನೋದರ ಮೇಲೆ ಉಳಿದರ್ಧ ನಿಂತಿದೆ.

ಅಮೆರಿಕದ ಒಂದು ಅಧ್ಯಯನದ ವಿಷಯ ಹೇಳ್ಬೇಕು, 1973ರಲ್ಲಿ ಪ್ರಕಟ ಆಗಿದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸುಮಾರು 200 ವಿದ್ಯಾರ್ಥಿಗಳನ್ನ ಬೇರೆ ಬೇರೆ ಶೈಲಿಯ ಇಂಥ ಗುಂಪುಗಳಲ್ಲಿ ಕೂರಿಸಿ, ತಿಂಗಳುಗಳಾದ್ಮೇಲೂ ಹಿಂದೆ ಬಿದ್ದು ವಿಚಾರಿಸಿದ್ರು. ಒಳ್ಳೇದಾದೋರು ಇದ್ರು, ನಿಜವಾಗ್ಲೂ ಪೆಟ್ಟು ತಿಂದೋರೂ ಇದ್ರು. ಪೆಟ್ಟು ಹೆಚ್ಚಾಗಿದ್ದು ಮಾತಿನ ಮೋಡಿ ಇರೋ, 'ಈಗಲೇ ಹೇಳಿ, ಈಗಲೇ ಬಿಚ್ಚಿಡಿ' ಅಂತ ಒತ್ತಾಯ ಮಾಡೋ ನಾಯಕರ ಗುಂಪಲ್ಲಿ. ಯಾರಿಗೆ ಪೆಟ್ಟಾಗಿದೆ ಅಂತ ಆ ನಾಯಕರಿಗೇ ಬಹುಪಾಲು ಗೊತ್ತಿರಲಿಲ್ಲ. ಪಕ್ಕ ಕೂತಿದ್ದೋರಿಗೆ ಗೊತ್ತಿತ್ತು.

ಹಾಗಾದ್ರೆ ಹೇಗೆ ಮಾಡೋದು? 8ರಿಂದ 10 ಜನ, ಅದಕ್ಕಿಂತ ಹೆಚ್ಚು ಬೇಡ. ಗುಂಪು ಚಿಕಿತ್ಸೆ ಬಗ್ಗೆ ಬರೆದ ಅರ್ವಿನ್ ಯಾಲೊಮ್ 7–8 ಜನ ಸರಿಯಾದ ಅಳತೆ ಅಂತಾರೆ. 5ಕ್ಕಿಂತ ಕಮ್ಮಿ ಆದ್ರೆ ಒಬ್ಬೊಬ್ರ ಮೇಲೂ ಭಾರ ಬೀಳತ್ತೆ, 10 ದಾಟಿದ್ರೆ ಸುಮ್ನಿರೋರು ಪೂರ್ತಿ ಮರೆಯಾಗ್ತಾರೆ. ವಾರಕ್ಕೊಂದು ದಿನ, 2 ಗಂಟೆ, 6 ವಾರ, ಪ್ರತಿ ಸಲ ಅದೇ ದಿನ, ಅದೇ ಹೊತ್ತು. ಎರಡನೇ ವಾರ ಆದ್ಮೇಲೆ ಹೊಸಬರನ್ನ ಸೇರಿಸ್ಬೇಡಿ, 'ಒಂದಿನ ನೋಡ್ಕೊಂಡು ಹೋಗ್ತೀನಿ' ಅನ್ನೋರಿಗೂ ಇಲ್ಲ ಅನ್ನಿ. ಹೊಸ ಮುಖ ಬಂದ್ರೆ ಎಲ್ರೂ ಮತ್ತೆ ಮೊದಲಿಂದ ಬಾಯಿ ಮುಚ್ಕೊಳ್ತಾರೆ. 40 ಹೆಸರು ಬಂದ್ರೆ ನಾಲ್ಕು ಗುಂಪು ಮಾಡಿ, ಒಂದಾದ್ಮೇಲೆ ಒಂದು ನಡೀಲಿ.

ಗುಂಪು ಮಾಡೋವಾಗ ನಮ್ಮ ಜನಕ್ಕೆ ಒಂದು ವಿಶೇಷ ತೊಡಕಿದೆ, ಎಲ್ರಿಗೂ ಎಲ್ರೂ ನೆಂಟರು. ಅತ್ತೆ ಸೊಸೆ ಒಂದೇ ವೃತ್ತದಲ್ಲಿ ಬೇಡ. ವಾರಗಿತ್ತಿಯರು ಬೇಡ, ಅತ್ತಿಗೆ ನಾದಿನಿ ಬೇಡ, ಗಂಡ ಹೆಂಡತಿ ಬೇಡ. ಬೀಗಿತ್ತಿ ಎದುರಿಗೆ ಕೂತಿದ್ರೆ ಮಗಳ ಬಗ್ಗೆ ಯಾವ ತಾಯಿ ಬಾಯಿ ಬಿಡ್ತಾಳೆ? ಬಿಟ್ರೂ ಬರೋ ಶ್ರಾವಣದ ಹೊತ್ತಿಗೆ ಅದು ಮೂರು ಮನೆ ಸುತ್ತಿ ಬಂದಿರತ್ತೆ. ದಯವಿಟ್ಟು ಹೆಸರಿನ ಪಟ್ಟಿಯನ್ನ ನಂಟಸ್ತನದ ಲೆಕ್ಕದಲ್ಲಿ ಮೊದಲು ಬಿಡಿಸಿ, ಆಮೇಲೆ ಮಿಕ್ಕಿದ್ದು.

ಶುರು ಮಾಡೋ ಮುಂಚೆ ಒಬ್ಬೊಬ್ರ ಹತ್ರಾನೂ ಒಂಟಿಯಾಗಿ 15 ನಿಮಿಷ ಮಾತಾಡ್ಬೇಕು. ಯಾಕೆ ಬರ್ತಿದೀರಿ? ಈಚೆಗೆ ಮನೇಲಿ ಯಾರಾದ್ರೂ ತೀರ್ಕೊಂಡಿದಾರಾ? ಮನಸ್ಸಿಗೆ ಅಂತ ಮಾತ್ರೆ ತಗೋತಿದೀರಾ? ಸಾಯ್ಬೇಕು ಅಂತ ಅನ್ನಿಸಿದ್ದಿದ್ಯಾ? ಮನೇಲಿ ಯಾರಾದ್ರೂ ಹೊಡೀತಾರಾ? ಕೊನೇ ಎರಡು ಕೇಳೋಕೆ ಬಾಯಿ ಬರಲ್ಲ, ಆದ್ರೂ ನೇರವಾಗೇ ಕೇಳ್ಬೇಕು. ಸಾವಿನ ಬಗ್ಗೆ ಕೇಳಿದ್ರೆ ಆ ಯೋಚನೆ ಹುಟ್ಟತ್ತೆ ಅನ್ನೋದು ತಪ್ಪು ನಂಬಿಕೆ. ಹೌದು ಅಂದೋರಿಗೆ 'ನೀವು ಬರ್ಬೇಡಿ' ಅನ್ನಬಾರದು, 'ನಿಮಗೆ ಮೊದಲು ಒಬ್ಬರೇ ಕೂತು ಮಾತಾಡೋರು ಬೇಕು, ಇದು ಆಮೇಲೆ' ಅಂತ ಹೇಳಿ ಡಾಕ್ಟರ್ ಹತ್ರಾನೋ ಆಪ್ತಸಮಾಲೋಚಕರ ಹತ್ರಾನೋ ಕಳಿಸೋ ವ್ಯವಸ್ಥೆ ಮಾಡಿ. ಮಾತ್ರೆ ನಿಲ್ಲಿಸೋ ಮಾತು ಗುಂಪಲ್ಲಿ ಯಾರ ಬಾಯಲ್ಲೂ ಬರಕೂಡದು. ಟೆಲಿ ಮಾನಸ್ ನಂಬರ್ 14416 ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. 2022ರಿಂದ ನಡೀತಿರೋ ಸರ್ಕಾರಿ ಸಹಾಯವಾಣಿ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡಿಲ್ಲ.

ಜಾಗದ ವಿಷಯ. ಭವನದ ದೊಡ್ಡ ಹಾಲ್ ಬೇಡ, ಹಿಂದಿನ ಚಿಕ್ಕ ಕೋಣೆ ಸಾಕು, ಬಾಗಿಲು ಹಾಕೋ ಹಾಗಿರ್ಲಿ. ಒಂದೇ ಎತ್ತರದ 12 ಕುರ್ಚಿ, ವೃತ್ತಾಕಾರ, ಮಧ್ಯೆ ಟೇಬಲ್ ಬೇಡ. ಕೆಲವರು ಜಮಖಾನದ ಮೇಲೆ, ಮಂಡಿನೋವಿನೋರು ಕುರ್ಚಿ ಮೇಲೆ ಅಂತ ಆದ್ರೆ ಗೊತ್ತಿಲ್ದಂಗೆ ಮೇಲೆ ಕೆಳಗೆ ಬಂದ್ಬಿಡತ್ತೆ. ಮೈಕ್ ಬೇಡವೇ ಬೇಡ. ಟಿಶ್ಯೂ ಡಬ್ಬಿ ಕೈಗೆಟಕೋ ಕಡೆ ಇಡಿ, ಅಳೋರ ಕೈಗೆ ತುರುಕಬೇಡಿ. ಪ್ರೀತಿಯಿಂದಲೇ ಕೊಟ್ರೂ ಅವರಿಗೆ ಅದು 'ಸಾಕು, ಒರೆಸ್ಕೋ' ಅಂತ ಕೇಳಿಸತ್ತೆ. ಮೊಬೈಲ್ ಎಲ್ಲ ಒಂದು ಬುಟ್ಟೀಲಿ. ಫೋಟೊ ಇಲ್ಲ, ರೆಕಾರ್ಡಿಂಗ್ ಇಲ್ಲ, ಈ ಗ್ರೂಪಿಗೆ ವರದಿಯೂ ಇಲ್ಲ.

ಮೊದಲ ದಿನಾನೇ ಒಪ್ಪಂದ ಓದಿ, ಎಲ್ರ ಬಾಯಲ್ಲೂ 'ಒಪ್ಪಿದೆ' ಅನ್ನಿಸಿ. ಇಲ್ಲಿ ಕೇಳಿದ್ದು ಇಲ್ಲೇ. 'ನಾನು' ಅಂತ ಮಾತಾಡೋದು, 'ಈ ಕಾಲದ ಸೊಸೆಯರೆಲ್ಲ' ಅಂತ ಅಲ್ಲ. ಕೇಳದೆ ಬುದ್ಧಿ ಹೇಳೋ ಹಾಗಿಲ್ಲ. 'ನನ್ನ ಸರದಿ ಬಿಡಿ' ಅನ್ನೋ ಹಕ್ಕು ಎಲ್ರಿಗೂ ಇದೆ, ಕಾರಣ ಕೇಳೋ ಹಾಗಿಲ್ಲ. ಗುಟ್ಟಿಗೆ ಎರಡು ಹೊರತು ಇದೆ ಅಂತಾನೂ ಅವತ್ತೇ ಹೇಳ್ಬೇಕು: ಜೀವಕ್ಕೆ ಅಪಾಯ ಕಂಡ್ರೆ ಸುಮ್ನಿರಲ್ಲ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಹೇಳಿಸ್ಕೊಂಡಾದ್ಮೇಲೆ ಈ ಮಾತು ತೆಗೆದ್ರೆ ಅದು ನಂಬಿಕೆದ್ರೋಹ.

2 ಗಂಟೇಲಿ ಮೊದಲ 10 ನಿಮಿಷ ಒಬ್ಬೊಬ್ರು ಒಂದೊಂದು ವಾಕ್ಯ, ಇವತ್ತು ಹೇಗಿದೀನಿ ಅಂತ. 25 ನಿಮಿಷ ಅವತ್ತಿನ ಅಭ್ಯಾಸ. 30 ನಿಮಿಷ ಮೂರು ಮೂರು ಜನ ಕೂತು ಸರದಿ: ಒಬ್ರು 7 ನಿಮಿಷ ಮಾತಾಡ್ತಾರೆ, ಇನ್ನೊಬ್ರು ಕೇಳ್ತಾರೆ, ಮೂರನೆಯೋರು ಗಡಿಯಾರ ನೋಡ್ತಾರೆ. ಕೇಳಿದೋರು 3 ನಿಮಿಷದಲ್ಲಿ ತಮಗೆ ಕೇಳಿಸಿದ್ದನ್ನ ಮಾತ್ರ ವಾಪಸ್ ಹೇಳ್ಬೇಕು, ಪರಿಹಾರ ಅಲ್ಲ. ಆಮೇಲೆ 35 ನಿಮಿಷ ದೊಡ್ಡ ವೃತ್ತ. ಕೊನೇ 20 ನಿಮಿಷ ಮುಚ್ಚೋದಕ್ಕೆ. ಈ 20 ನಿಮಿಷಾನ ಯಾರಿಗೂ ಬಿಟ್ಕೊಡ್ಬೇಡಿ ಚಿಕ್ಕಮ್ಮ. ಹೊಸ ವಿಷಯ ಯಾರೇ ತೆಗೆದ್ರೂ 'ಮುಂದಿನ ವಾರ ಇದರಿಂದಲೇ ಶುರು ಮಾಡೋಣ' ಅನ್ನಿ. ಪಾದ ನೆಲಕ್ಕೆ ಊರಿಸಿ, 4 ಎಣಿಸೋ ತನಕ ಉಸಿರು ಒಳಗೆ, 6 ಎಣಿಸೋ ತನಕ ಹೊರಗೆ, 5 ನಿಮಿಷ. ಮನೆಗೆ ಹೋಗಿ ಏನು ಮಾಡ್ತೀರಿ, ಮನೇಲಿ ಯಾರಿದಾರೆ ಅಂತ ಕೇಳಿ ಕಳಿಸಿ. ಕಣ್ಣು ಮುಚ್ಚಿ ಅಂತ ಒತ್ತಾಯ ಬೇಡ, ಕೆಲವರಿಗೆ ಕಣ್ಣು ಮುಚ್ಚಿದ್ರೇ ಹಳೇದೆಲ್ಲ ಬರತ್ತೆ. ಜೋರಾಗಿ ಬೇಗ ಬೇಗ ಉಸಿರಾಡಿಸೋದು ಪೂರ್ತಿ ಬಿಡಿ. ಕೈ ಜುಮ್ಮನ್ನತ್ತೆ, ತಲೆ ಸುತ್ತತ್ತೆ, ಜನ ಅದನ್ನ ಏನೋ ಶಕ್ತಿ ಬಂತು ಅಂದ್ಕೋತಾರೆ. ಬಸುರಿಯರಿಗೆ, ಬಿಪಿ, ಮೂರ್ಛೆರೋಗ ಇರೋರಿಗೆ ಅಪಾಯ.

ಎರಡನೇ ವಾರದ ಅಭ್ಯಾಸ ನಮ್ಮ ಭಾಷೆಯದ್ದೇ ಆಗಿರ್ಲಿ. ನಮ್ಮಲ್ಲಿ ಹೇಗಿದೀರಿ ಅಂದ್ರೆ ಬರೋದು ಎರಡೇ ಪದ: ಬೇಜಾರು, ಟೆನ್ಷನ್. ಬಸ್ಸು ತಪ್ಪಿದ್ರೂ ಬೇಜಾರು, ಮಗ ಫೋನ್ ಮಾಡ್ಲಿಲ್ಲ ಅಂದ್ರೂ ಬೇಜಾರು, ಮಾಡೋಕೆ ಕೆಲಸ ಇಲ್ದಿದ್ರೂ ಬೇಜಾರು, ಹತ್ತು ಜನರೆದುರು ಗಂಡ ಗದರಿದ್ರೂ ಬೇಜಾರು. ಮೊದಲನೇದು ಕಿರಿಕಿರಿ, ಎರಡನೇದು ಒಂಟಿತನ, ಮೂರನೇದು ಬೇಸರ, ನಾಲ್ಕನೇದು ಅವಮಾನ. ಒಂಟಿತನಕ್ಕೆ ಜೊತೆ ಬೇಕು, ಅವಮಾನಕ್ಕೆ ಎದುರು ಮಾತು ಬೇಕು, ಎರಡಕ್ಕೂ ಒಂದೇ ಹೆಸರಿಟ್ರೆ ಏನು ಬೇಕು ಅಂತಾನೇ ತಿಳಿಯಲ್ಲ. 30 ಚೀಟಿ ಬರೀರಿ: ಕಸಿವಿಸಿ, ತಳಮಳ, ಕಳವಳ, ದುಗುಡ, ಮುಜುಗರ, ಅಸಹನೆ, ಹೊಟ್ಟೆಕಿಚ್ಚು, ಪಶ್ಚಾತ್ತಾಪ, ಹತಾಶೆ, ಸಂಕೋಚ, ನಿರಾಳ, ಅಕ್ಕರೆ, ಹೆಮ್ಮೆ, ಹೀಗೆ. ಒಳ್ಳೇವೂ 10 ಇರ್ಲಿ. ಎಲ್ಲಾ ಹರಡಿ, ಈ ವಾರ ನಿಮ್ಮೊಳಗೆ ಬಂದು ಹೋದ ಮೂರನ್ನ ಎತ್ಕೊಳ್ಳಿ ಅನ್ನಿ. ಆಮೇಲೆ, ಅದು ಮೈಯಲ್ಲಿ ಎಲ್ಲಿ ಕೂರತ್ತೆ ಅಂತ ಕೇಳಿ. ಗಂಟಲು ಕಟ್ಟತ್ತೆ, ಹೊಟ್ಟೆ ಕಲಸತ್ತೆ, ಎದೆ ಭಾರ ಆಗತ್ತೆ. ವಯಸ್ಸಾದೋರು 'ಮೈಯೆಲ್ಲ ಉರಿ' ಅಂತ ಮಾತ್ರ ಅಂದ್ರೆ ತಿದ್ದಬೇಡಿ, ಅವರು ಅದೇ ಭಾಷೇಲಿ ಸರಿಯಾಗೇ ಹೇಳ್ತಿದಾರೆ. 'ಹೊಟ್ಟೆಕಿಚ್ಚು' ಚೀಟಿ ಮೊದಲ ಸುತ್ತಲ್ಲಿ ಯಾರೂ ಮುಟ್ಟಲ್ಲ, ನಾಲ್ಕನೇ ವಾರ ಮತ್ತೆ ಹರಡಿದ್ರೆ ಎತ್ಕೊಳ್ತಾರೆ. ಅಷ್ಟು ಹೊತ್ತು ಹಿಡಿಯತ್ತೆ, ಹಿಡೀಲಿ.

ಬರೆಯೋ ಅಭ್ಯಾಸಾನೂ ಒಳ್ಳೇದು. ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನೋವಿಜ್ಞಾನಿ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 15 ನಿಮಿಷ, 4 ದಿನ ಬರೆಸಿದ್ರು. ಬರೆದ ತಕ್ಷಣ ಮನಸ್ಸು ಇನ್ನೂ ಕೆಟ್ಟಿತ್ತು, ಉಪಯೋಗ ಕಂಡಿದ್ದು ತಿಂಗಳುಗಳಾದ್ಮೇಲೆ. ಹಾಗಾಗಿ ಬರೆಸೋದಿದ್ರೆ ಶುರುವಿನಲ್ಲಿ ಬರೆಸಿ, ಕೊನೇಲಿ ಬೇಡ. ಹಾಳೆ ಅವರದ್ದೇ, ಯಾರೂ ಓದೋ ಹಾಗಿಲ್ಲ.

ಇನ್ನು ಎಡವೋ ಜಾಗ. ಮೊದಲ ದಿನವೇ ಒಬ್ರು ಎಲ್ಲಾ ಹೇಳ್ಕೊಂಡ್ಬಿಡ್ತಾರೆ, ಎಲ್ರಿಗೂ ಗುಂಪು ಚೆನ್ನಾಗಾಯ್ತು ಅನ್ಸತ್ತೆ, ಎರಡನೇ ವಾರ ಆ ಒಬ್ಬರೇ ಬರಲ್ಲ. ನಾಚಿಕೆ. ಅದಕ್ಕೇ ನಡೆಸೋರು ಮಧ್ಯದಲ್ಲೇ ಮೆಲ್ಲಗೆ 'ಇದು ದೊಡ್ಡ ವಿಷಯ, ಇವತ್ತಿಗೆ ಇಷ್ಟು ಇಟ್ಕೊಳ್ಳೋಣ' ಅಂತ ನಿಲ್ಲಿಸ್ಬೇಕು. ನಿಲ್ಲಿಸೋದು ಒರಟುತನ ಅಲ್ಲ. ಇನ್ನೊಂದು, 'ಹೊಂದ್ಕೊಂಡು ಹೋಗಮ್ಮ, ಎಲ್ರ ಮನೆ ದೋಸೇನೂ ತೂತೇ' ಅನ್ನೋ ಮಾತು. ಸಮಾಧಾನಕ್ಕೆ ಅಂತಾನೇ ಹೇಳ್ತಾರೆ, ಆದ್ರೆ ಹೇಳ್ಕೊಂಡೋರ ಬಾಯಿಗೆ ಬೀಗ ಬೀಳತ್ತೆ. ಮೌನಕ್ಕೆ ಮಾತ್ರ ಹೆದರ್ಬೇಡಿ, ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ ಅಂದ್ರೆ ಗುಂಪು ಕೆಲಸ ಮಾಡ್ತಿದೆ ಅಂತಲೇ ಅರ್ಥ ಇರಬಹುದು.

ನಡೆಸೋಕೆ ಇಬ್ರು ಬೇಕು. ಒಬ್ರು ಮಾತಾಡಿಸ್ತಾರೆ, ಇನ್ನೊಬ್ರು ಮುಖಗಳನ್ನ ನೋಡ್ತಿರ್ತಾರೆ, ಯಾರಾದ್ರೂ ಎದ್ದು ಹೊರಗೆ ಹೋದ್ರೆ ಹಿಂದೇನೇ ಹೋಗ್ತಾರೆ. 'ಲೈಫ್ ಕೋಚ್' ಅಂತ ಬೋರ್ಡ್ ಹಾಕ್ಕೊಳ್ಳೋಕೆ ನಮ್ಮಲ್ಲಿ ಯಾವ ನೋಂದಣಿಯೂ ಬೇಕಿಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರತ್ತೆ, ಕೇಳಿ ನೋಡಿ. ಆಪ್ತಸಮಾಲೋಚಕರಾದ್ರೆ ಎಲ್ಲಿ ಎಷ್ಟು ತಿಂಗಳು ಕಲಿತ್ರಿ, ಕಷ್ಟದ ಪ್ರಸಂಗ ಬಂದ್ರೆ ಯಾರನ್ನ ಕೇಳ್ತೀರಿ ಅಂತ ಕೇಳಿ. 'ಬಾಗಿಲಿಂದ ಹೊರಗೆ ಬಿಡಲ್ಲ', 'ಮುಗಿಯೋ ಮುಂಚೆ ಇಬ್ಬರನ್ನ ಕರ್ಕೊಂಡು ಬನ್ನಿ', 'ಮುಂದಿನ ಹಂತಕ್ಕೆ ಇವತ್ತೇ ದುಡ್ಡು ಕಟ್ಟಿ', ನಡೆಸೋರ ಬಾಯಲ್ಲಿ ಈ ಮೂರರಲ್ಲಿ ಒಂದು ಮಾತು ಕೇಳಿದ್ರೂ ಬೇಡ ಅನ್ನಿ.

ಅಣ್ಣ, ನೀವು ಕೇಳಿದ್ದ ವಿಪಶ್ಯನ ಧ್ಯಾನ ಬೇರೆ ಥರದ್ದು. ಬೆಂಗಳೂರಿನ ಧಮ್ಮ ಪಫುಲ್ಲ ಕೇಂದ್ರದಲ್ಲಿ 10 ದಿನದ ಶಿಬಿರ ನಡೆಯತ್ತೆ, ಶುಲ್ಕ ಇಲ್ಲ, ಒಂಬತ್ತು ದಿನ ಪೂರ್ತಿ ಮೌನ. ಹಂಚ್ಕೊಳ್ಳೋದು ಅಲ್ಲಿಲ್ಲ. ಅರ್ಜೀಲಿ ಮನಸ್ಸಿನ ಕಾಯಿಲೆ ಬಗ್ಗೆ ಕೇಳಿದ್ದಕ್ಕೆ ಮುಚ್ಚುಮರೆ ಮಾಡ್ಬೇಡಿ, ಅಷ್ಟೇ.

ಹಾಲ್ ಬುಕ್ ಆಗಿಹೋಗಿದೆ ಅಂದ್ರಲ್ಲ ಚಿಕ್ಕಮ್ಮ, ಆ ಭಾನುವಾರ ಹಾಳು ಮಾಡೋದು ಬೇಡ. 40 ಜನಾನೂ ಬರ್ಲಿ, ಬೆಳಗ್ಗೆ 10ರಿಂದ 12. ಚೀಟಿ ಅಭ್ಯಾಸ ಮಾಡಿಸಿ, ಮೂರು ಮೂರು ಜನ ಕೂರಿಸಿ 'ಈ ವಾರ ನನಗೆ ಖುಷಿ ಕೊಟ್ಟ ಒಂದು ವಿಷಯ' ಅಂತ ಮಾತ್ರ ಮಾತಾಡಿಸಿ, 6 ವಾರದ ಗುಂಪಿಗೆ ಯಾರಿಗೆ ಇಷ್ಟ ಅಂತ ಹೆಸರು ಬರ್ಕೊಳ್ಳಿ, ಊಟ ಹಾಕಿ ಕಳಿಸಿ. ಹೆಸರು ಬರ್ಕೊಳ್ಳೋದು ಪುಸ್ತಕದಲ್ಲಿ, ಈ ಗ್ರೂಪಲ್ಲಿ ಅಲ್ಲ. ಮೈಕಿನೋರಿಗೂ ಫೋಟೊದೋರಿಗೂ ಇವತ್ತೇ ಫೋನ್ ಮಾಡಿ ಬೇಡ ಅಂತ ಹೇಳ್ಬಿಡಿ, ಮುಂಗಡ ಕೊಟ್ಟಿದ್ರೆ ವಾಪಸ್ ಸಿಗಬಹುದು.