ಲೂಥರನ್ ಶಾಲೆಯ ಪ್ಲಸ್ ಟೂ ಮಕ್ಕಳ ನೆನಪಿನ ಪುಸ್ತಕ: ಎಲ್ಲರೂ ಒಂದೇ ವಾಕ್ಯ ಬರೆದು ಕೊಡ್ತಿದ್ದಾರೆ, ಏನು ಮಾಡೋದು?

ಕೆಲಮಂಗಲ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಒಂದು ಲೂಥರನ್ (ಮಾರ್ಟಿನ್ ಲೂಥರ್ ಪಂಥದ ಪ್ರೊಟೆಸ್ಟಂಟ್ ಕ್ರೈಸ್ತರ) ಹೈಯರ್ ಸೆಕೆಂಡರಿ ಶಾಲೆಯಿಂದ ಈ ವರ್ಷ ಪ್ಲಸ್ ಟೂ (12ನೇ ತರಗತಿ) ಮುಗಿಸಿ ಹೊರಡುವ 84 ಮಕ್ಕಳ ನೆನಪಿನ ಪುಸ್ತಕ ಆಗಬೇಕು. ಹೆಚ್ಚಿನವರು ಆರನೇ ಕ್ಲಾಸಿಂದ ಏಳು ವರ್ಷ ಇಲ್ಲೇ ಇದ್ದವರು. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಮಾತು ಕನ್ನಡ, ಆದರೆ ಕನ್ನಡದಲ್ಲಿ ಬರೆಯಬಲ್ಲವರು ಹತ್ತು ಹನ್ನೆರಡು ಜನ ಅಷ್ಟೆ. ಮೊದಲ ಸುತ್ತಿನಲ್ಲಿ ಬರೆಸಿದಾಗ 60 ಹಾಳೆ ಬಂತು. ಅರವತ್ತರಲ್ಲೂ "ಈ ಶಾಲೆ ನನಗೆ ಎರಡನೇ ಮನೆ, ಗುರುಗಳು ದೇವರ ಸಮಾನ". ಮಕ್ಕಳು ಮಾತಾಡುವಾಗ ಹೀಗೆ ಮಾತಾಡಲ್ಲ.

ನನ್ನ ಪ್ರಶ್ನೆಗಳು: ಅವರ ನಿಜವಾದ ಮಾತು ಹೊರಗೆ ತರಿಸೋದು ಹೇಗೆ? ಗಡಿ ಕನ್ನಡವನ್ನು ತಿದ್ದಬೇಕೋ, ಹಾಗೇ ಬಿಡಬೇಕೋ? ಶಾಲೆಯ ಹಿನ್ನೆಲೆ ಅಂತ ಎರಡು ಪುಟದಲ್ಲಿ ಏನು ಹಾಕಬೇಕು? ಕೊನೆಗೆ ಪ್ರಿಂಟಿಂಗು. ನಮ್ಮ ಕಡೆ ಕಂಪ್ಯೂಟರಲ್ಲಿ ಪುಟ ಜೋಡಿಸುವ ಡಿಟಿಪಿಯವರಿಗೆಲ್ಲ ತಮಿಳೇ ರೂಢಿ.

ತಾಳವಾಡಿ ಮೇಷ್ಟ್ರು:

ಟೀಚರ್, ತಪ್ಪು ಮಕ್ಕಳದ್ದಲ್ಲ, ಪ್ರಶ್ನೆಯದ್ದು. "ಶಾಲೆಯ ಬಗ್ಗೆ ನಿನ್ನ ಅನಿಸಿಕೆ ಬರಿ" ಅಂದರೆ ಯಾವ ಮಗುವಾದರೂ ಭಾಷಣ ಸ್ಪರ್ಧೆಯ ವಾಕ್ಯವನ್ನೇ ಬರೆಯುತ್ತೆ. ಅನಿಸಿಕೆ ಕೇಳಬೇಡಿ, ವಸ್ತು ಕೇಳಿ, ಜಾಗ ಕೇಳಿ. ಆರನೇ ಕ್ಲಾಸಲ್ಲಿ ಅಸೆಂಬ್ಲಿಗೆ ಎಲ್ಲಿ ನಿಲ್ತಿದ್ದೆ, ಈಗ ಎಲ್ಲಿ ನಿಲ್ತೀಯ? ಬೆಳಿಗ್ಗೆ ಎಷ್ಟು ಗಂಟೆಯ ಬಸ್ಸು, ಅದು ತಪ್ಪಿದರೆ ಏನು ಮಾಡ್ತಿದ್ದೆ? ಸತ್ತುಣವಿನ (ಶಾಲೆಯ ಮಧ್ಯಾಹ್ನದ ಊಟದ) ಸಾಲಿನಲ್ಲಿ ನಿನ್ನ ಹಿಂದೆ ಯಾರಿರ್ತಿದ್ದರು? ಒಬ್ಬರಿಗೆ ಇಂಥ ನಾಲ್ಕೇ ಪ್ರಶ್ನೆ ಸಾಕು. ಹತ್ತು ಕೊಟ್ಟರೆ ಎಲ್ಲಕ್ಕೂ ಒಂದೊಂದು ಸಾಲು ಉತ್ತರ ಬರುತ್ತೆ.

ಲೂಥರನ್ ಶಾಲೆ ಅಂದಮೇಲೆ ಪ್ರಾರ್ಥನೆಯನ್ನು ಮರೆಯಬೇಡಿ. ಹಿಂದೂ, ಮುಸ್ಲಿಂ ಮನೆಯ ಮಕ್ಕಳಿಗೂ ಏಳು ವರ್ಷದಲ್ಲಿ ಪರಮಂಡಲ ಜೆಪ (ಯೇಸು ಕಲಿಸಿದ ಪ್ರಾರ್ಥನೆ) ತಮಿಳಲ್ಲಿ ಬಾಯಿಪಾಠ ಆಗಿರುತ್ತೆ. "ಯಾವ ಸಾಲಿನ ಅರ್ಥ ನಿನಗೆ ತಡವಾಗಿ ಗೊತ್ತಾಯ್ತು?" ಅಂತ ಕೇಳಿ ನೋಡಿ. ಅಕ್ಟೋಬರ್ 31ರ ಸುಧಾರಣಾ ದಿನ (ಲೂಥರ್ ಚರ್ಚ್ ಸುಧಾರಣೆ ಶುರು ಮಾಡಿದ ನೆನಪಿನ ದಿನ) ನಿಮ್ಮಲ್ಲಿ ಹೇಗೆ ನಡೆಯುತ್ತೆ ಅನ್ನೋದನ್ನೂ ಕೇಳಿ. ಬೇರೆ ಯಾವ ಶಾಲೆಯ ಪುಸ್ತಕದಲ್ಲೂ ಸಿಗದ ಪುಟ ಅಲ್ಲಿಂದಲೇ ಹುಟ್ಟೋದು.

ಬರೆಯಲು ಬಾರದವರಿಂದ ಮಾತಾಡಿಸಿ. ಇಬ್ಬಿಬ್ಬರನ್ನು ಜೊತೆಗೆ ಕೂರಿಸಿ. ಒಬ್ಬರೇ ಆದರೆ ಬಿಗಿದುಕೊಳ್ಳುತ್ತಾರೆ, ಮೂವರಾದರೆ ಯಾರ ದನಿ ಯಾರದು ಅಂತ ಆಮೇಲೆ ಗೊತ್ತಾಗಲ್ಲ. ಫ್ಯಾನ್ ಆರಿಸಿ, ಫೋನನ್ನು ಬೆಂಚಿನ ಮೇಲಲ್ಲ, ಮಡಿಸಿದ ಟವಲಿನ ಮೇಲೆ ಒಂದು ಗೇಣು ದೂರದಲ್ಲಿಡಿ. ಬೆಂಚಿನ ಮೇಲಿಟ್ಟರೆ ಕೈ ತಗುಲಿದ ಸದ್ದೆಲ್ಲ ಗುಡುಗಿನ ಹಾಗೆ ಕೇಳುತ್ತೆ. ಎಂಟು ನಿಮಿಷ ಸಾಕು. ಅದನ್ನು ಕೇಳಿ ಬರೆಯಲು ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತೆ, ಆದ್ದರಿಂದ ಕನ್ನಡ ಬರೆಯಬಲ್ಲ ಆ ಹತ್ತು ಹನ್ನೆರಡು ಮಕ್ಕಳಿಗೇ ಹಂಚಿ. ಬರೆದಾದ ಮೇಲೆ ಹೇಳಿದವರಿಗೆ ಓದಿ ಹೇಳಿ ಒಪ್ಪಿಗೆ ತಗೊಳ್ಳಿ.

ಸಮಯ ನೋಡಿಕೊಳ್ಳಿ. ಅರೈಯಾಂಡು (ಅರ್ಧವಾರ್ಷಿಕ) ಪರೀಕ್ಷೆ ಮುಗಿದ ಕೂಡಲೇ ಶುರು ಮಾಡಿ, ಪೊಂಗಲ್ ರಜೆಗೆ ಮುಂಚೆ ಮಾತೆಲ್ಲ ಕೈಯಲ್ಲಿರಬೇಕು. ಫೆಬ್ರವರಿಯಲ್ಲಿ ಪ್ರಾಕ್ಟಿಕಲ್, ಮಾರ್ಚಲ್ಲಿ ಪಬ್ಲಿಕ್ ಪರೀಕ್ಷೆ. ಆಗ ಯಾವ ಮಗುವೂ ಕೈಗೆ ಸಿಗಲ್ಲ.

ಡೆಂಕಣಿಕೋಟೆ ಓದುಗ:

ಭಾಷೆಯ ಬಗ್ಗೆ ಒಂದು ಮಾತು. ದಯವಿಟ್ಟು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಶಾಲೆಯಲ್ಲಿ ತಮಿಳು ಕಡ್ಡಾಯ ಮಾಡಿದ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಈ ಮಕ್ಕಳು ಶಾಲೆಯಲ್ಲಿ ಓದಿದ್ದು ತಮಿಳು, ಮನೆಯಲ್ಲಿ ಆಡಿದ್ದು ಕನ್ನಡ. ಅವರ ಕನ್ನಡ ಅಚ್ಚಿನಲ್ಲಿ ಬರೋದು ಬಹುಶಃ ಇದೊಂದೇ ಸಲ. ಅದು ಅವರ ಅಜ್ಜಿ ಕೇಳಿದರೆ ಗುರುತು ಹಿಡಿಯುವ ಹಾಗಿರಲಿ.

ಆದರೆ ಒಂದು ಕಡೆ ಕೈ ಹಾಕಲೇಬೇಕು. ನಮ್ಮ ಕಡೆ ಹಕಾರ ಬಿದ್ದುಹೋಗುತ್ತೆ. "ಸ್ಕೂಲಿಗೆ ಓದೆ" ಅಂತ ಅಚ್ಚಾದರೆ ಹೋದದ್ದೋ ಓದಿದ್ದೋ ತಿಳಿಯಲ್ಲ. ಅರ್ಥ ಕೆಡುವ ಕಡೆ ಮಾತ್ರ ಹಕಾರ ಸೇರಿಸಿ, "ಬತ್ತಾನೆ", "ಓಯ್ತಾನೆ" ಥರದ್ದು ಹಾಗೇ ಇರಲಿ. ಸತ್ತುಣವು, ಅರೈಯಾಂಡು, ಜೆಪ, ಲೀವು ಇವನ್ನು ಬದಲಿಸಬೇಡಿ. "ಮಧ್ಯಾಹ್ನದ ಬಿಸಿಯೂಟ" ಅಂದರೆ ಅದು ಕರ್ನಾಟಕದ ಶಾಲೆ ಆಗಿಬಿಡುತ್ತೆ.

ಹೆಸರುಗಳಲ್ಲಿ ಆಗುವ ತಪ್ಪು ಇನ್ನೂ ನೋವಿನದು. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಎಲ್ಲಕ್ಕೂ ಒಂದೊಂದೇ ಅಕ್ಷರ. ಹಾಜರಿ ಪುಸ್ತಕ ನೋಡಿ ಕನ್ನಡಕ್ಕೆ ಇಳಿಸಿದರೆ ಗೋಪಾಲ ಕೋಪಾಲ ಆಗ್ತಾನೆ, ಭವಾನಿ ಪವಾನಿ ಆಗ್ತಾಳೆ. ಪ್ರತಿ ಮಗುವಿನಿಂದ ಹೆಸರನ್ನು ಬಾಯಲ್ಲಿ ಹೇಳಿಸಿ, ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಸಹಿ ಹಾಕಿಸಿ. ಇನಿಷಿಯಲ್ ಹೆಸರಿನ ಹಿಂದೆ ಬರುತ್ತೋ ಮುಂದೆ ಬರುತ್ತೋ ಅನ್ನೋದೂ 84 ಜನಕ್ಕೂ ಒಂದೇ ಥರ ಇರಲಿ.

ಬಾರಗೂರು:

ಹಿನ್ನೆಲೆಯ ಎರಡು ಪುಟದ ಬಗ್ಗೆ. ಕನ್ನಡದವರು ಮಿಷನ್ ಅಂದ ಕೂಡಲೇ ಕಿಟ್ಟೆಲ್ ಅವರನ್ನು ತಂದು ಕೂರಿಸ್ತಾರೆ. ಅದು ತಪ್ಪು. ಕಿಟ್ಟೆಲ್ ಬಾಸೆಲ್ ಮಿಷನ್ನಿನವರು. ಆ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದದ್ದು, ನಿಘಂಟು ಅಚ್ಚಾದದ್ದು 1894ರಲ್ಲಿ. ಬಾಸೆಲ್‌ನಲ್ಲಿ ಲೂಥರನ್ನರೂ ಇದ್ದರು, ರಿಫಾರ್ಮ್ಡ್ (ಕ್ಯಾಲ್ವಿನ್ ಕಡೆಯ) ಪಂಥದವರೂ ಇದ್ದರು. ಅದು ನಿಮ್ಮ ಶಾಲೆಯ ವಂಶಾವಳಿ ಅಲ್ಲ.

ದಕ್ಷಿಣದಲ್ಲಿ ಲೂಥರನ್ ಅಂದರೂ ಒಂದೇ ಕವಲಲ್ಲ. ಎಲ್ಲಕ್ಕೂ ಹಳೆಯದು ತಮಿಳುನಾಡು ಕರಾವಳಿಯ ತರಂಗಂಬಾಡಿ. ಜರ್ಮನ್ ಮಿಷನರಿಗಳಾದ ಜೀಗೆನ್‌ಬಾಲ್ಗ್ ಮತ್ತು ಪ್ಲೂಷೌ 1706ರ ಜುಲೈ 9ರಂದು ಅಲ್ಲಿ ಇಳಿದರು. ಗುಂಟೂರು ಕಡೆಯದು 1842ರಲ್ಲಿ ಬಂದ ಅಮೆರಿಕನ್ನರ ಕೆಲಸ. ಕೃಷ್ಣಗಿರಿಯ ಕಥೆಯೇ ಬೇರೆ: ಅಮೆರಿಕದ ಮಿಸ್ಸೌರಿ ಸಿನಡ್ ಅನ್ನೋ ಲೂಥರನ್ ಚರ್ಚ್ ತನ್ನ ಮೊದಲ ವಿದೇಶಿ ಮಿಷನ್ನನ್ನು 1895ರಲ್ಲಿ ಕೃಷ್ಣಗಿರಿ ಊರಲ್ಲೇ ಶುರು ಮಾಡಿತು. ಬಂದ ಥಿಯೊಡೋರ್ ನೇಥರ್ ಮೊದಲು ಜರ್ಮನಿಯ ಲೈಪ್‌ಜಿಗ್ ಮಿಷನ್ನಿನಲ್ಲಿದ್ದವರು. ಈ ಕವಲೇ ಇಂಡಿಯಾ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಆಗಿ ಬೆಳೆಯಿತು. ನಿಮ್ಮ ಶಾಲೆ ಯಾವ ಚರ್ಚಿನ ಆಡಳಿತದಲ್ಲಿದೆ ಅನ್ನೋದನ್ನು ಮಾನ್ಯತೆ ಪತ್ರದಲ್ಲಿ ನೋಡಿ, ಆಮೇಲೆ ಬರೆಯಿರಿ.

ಹಳೆಯ ಕಾಗದ ಹುಡುಕುವಾಗ "ಕೃಷ್ಣಗಿರಿ ಜಿಲ್ಲೆ" ಅಂತ ಹುಡುಕಿದರೆ ಸಿಗಲ್ಲ. 1965ರವರೆಗೆ ಅದು ಸೇಲಂ ಜಿಲ್ಲೆ, 2004ರವರೆಗೆ ಧರ್ಮಪುರಿ ಜಿಲ್ಲೆ. ಹಳೆಯ ವಿದ್ಯಾರ್ಥಿಗಳಿಂದ ಒಂದು ಪುಟ ಬರೆಸುವುದಾದರೆ ಇದನ್ನೂ ಗಮನಿಸಿ: ತಮಿಳುನಾಡಿನಲ್ಲಿ ಪ್ಲಸ್ ಟೂ ಬಂದದ್ದು 1978ರಲ್ಲಿ. ಅದಕ್ಕಿಂತ ಹಿಂದಿನವರು 11ನೇ ತರಗತಿಗೆ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಕಾಲೇಜಿಗೆ ಹೋದವರು.

ಹೊಸೂರು ಡಿಟಿಪಿ:

ಟೀಚರ್, ಮೊದಲು ಪುಟದ ಲೆಕ್ಕ. ಎ5 ಅಳತೆ, 12 ಪಾಯಿಂಟ್ ಅಕ್ಷರ. 150 ಪದ, ಹೆಸರು, ಚಿಕ್ಕ ಫೋಟೊ ಸೇರಿ ಒಬ್ಬರಿಗೆ ಒಂದು ಪುಟ. 84ಕ್ಕೆ ಹಿನ್ನೆಲೆ, ಗುಂಪು ಫೋಟೊ ಎಲ್ಲ 12 ಪುಟ ಸೇರಿಸಿದರೆ 96. ಇದು 16ರಿಂದ ಸರಿಯಾಗಿ ಭಾಗವಾಗುವುದರಿಂದ ಆಫ್‌ಸೆಟ್‌ನಲ್ಲಿ ಕಾಗದ ವ್ಯರ್ಥವಾಗಲ್ಲ. ಒಳಪುಟ 80 ಜಿಎಸ್ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ ಕಾಗದ, ರಕ್ಷಾಪುಟ 250 ಜಿಎಸ್ಎಂ ಆರ್ಟ್ ಕಾರ್ಡ್, ಗಮ್ ಬೈಂಡಿಂಗ್. 96 ಪುಟಕ್ಕೆ ಸೆಂಟರ್ ಪಿನ್ ಹೊಡೆಸಬೇಡಿ. ಪುಸ್ತಕ ಬಾಯಿ ತೆರೆದೇ ಇರುತ್ತೆ, ಕತ್ತರಿಸುವಾಗ ನಡುವಿನ ಹಾಳೆಗಳ ಅಂಚು ಹೆಚ್ಚು ಹೋಗುತ್ತೆ. ಬೈಂಡಿಂಗ್ ಕಡೆಗೆ 18 ಮಿ.ಮೀ. ಜಾಗ ಬಿಡಿ.

ಅಕ್ಷರ ಯೂನಿಕೋಡ್‌ನಲ್ಲೇ ಟೈಪಾಗಲಿ. ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ ಯೂನಿಕೋಡ್ ತಗೊಳ್ಳಲ್ಲ, ಅಲ್ಲಿ ಹಳೆಯ ನುಡಿ ಫಾಂಟಿಗೆ ಬದಲಿಸಬೇಕಾಗುತ್ತೆ. ಬದಲಿಸಿದಾಗ ಅರ್ಕಾವತ್ತು ಮತ್ತು ಒತ್ತಕ್ಷರ ಜಾಗ ತಪ್ಪಿರುತ್ತವೆ, ಸಾಲು ಸಾಲಾಗಿ ಓದಬೇಕು. ಹೊಸ ಸಾಫ್ಟ್‌ವೇರ್ ಇನ್‌ಡಿಸೈನ್ ಇದ್ದರೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಲು ಹೇಳಿ, ಇಲ್ಲದಿದ್ದರೆ ಒತ್ತು ಕೆಳಗೆ ಕೂರುವ ಬದಲು ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತೆ. ತಮಿಳು ಮಾತ್ರ ಬಲ್ಲವರಿಗೆ ಅದು ತಪ್ಪು ಅಂತ ಕಾಣೋದೇ ಇಲ್ಲ, ಆದ್ದರಿಂದ ಪ್ರೂಫನ್ನು ನೀವೇ ಕಾಗದದಲ್ಲಿ ನೋಡಿ.

ಫೋಟೊವನ್ನು ವಾಟ್ಸಾಪಿನಲ್ಲಿ ಹಾಗೇ ಕಳಿಸಿದರೆ ಕುಗ್ಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ. 84 ಜನರನ್ನೂ ಒಂದೇ ಫೋಟೊದಲ್ಲಿ ನಿಲ್ಲಿಸಿದರೆ ಮುಖ ಸಾಸಿವೆಯಷ್ಟಾಗುತ್ತೆ. ಎರಡು ಗುಂಪು, ತಲಾ 42, ಮೂರು ಸಾಲು, ಸಾಲಿಗೆ 14.

ಇನ್ನೊಂದು. ಲೂಥರ್ ಗುಲಾಬಿಯ ಲಾಂಛನ ಹಾಕ್ತೀರಲ್ಲ, ಕಪ್ಪು ಶಿಲುಬೆ, ಕೆಂಪು ಹೃದಯ, ಬಿಳಿ ಗುಲಾಬಿ, ನೀಲಿ ಹಿನ್ನೆಲೆ, ಸುತ್ತ ಚಿನ್ನದ ಬಳೆ. ಒಳಪುಟ ಒಂದೇ ಬಣ್ಣದ್ದಾದರೆ ಕೆಂಪು ಗಾಢ ಬೂದಿಯಾಗಿ ಶಿಲುಬೆ ಅದರಲ್ಲೇ ಮುಳುಗಿ ಹೋಗುತ್ತೆ. ಗೆರೆಚಿತ್ರ ಮಾಡಿಸಿ, ಹೃದಯಕ್ಕೆ ಬಣ್ಣ ತುಂಬಬೇಡಿ.

ಕೆಲಮಂಗಲ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಹಳೆಯ 60 ಹಾಳೆ ಪಕ್ಕಕ್ಕಿಟ್ಟು ಹೊಸದಾಗಿ ಮಾತಾಡಿಸ್ತೇನೆ. ತಾಳವಾಡಿ ಮೇಷ್ಟ್ರೇ, ಕೆಲವರು ಬೇಜಾರಿನ ನೆನಪು ಹೇಳಿದರೆ ಏನು ಮಾಡೋದು? ಏಟು, ಫೇಲು, ಫೀಸಿನ ಕಷ್ಟ?

ತಾಳವಾಡಿ ಮೇಷ್ಟ್ರು:

ಇಡಿ, ಟೀಚರ್. ಆದರೆ ಅದರಲ್ಲಿ ಬರುವ ಬೇರೆಯವರ ಹೆಸರು ತೆಗೆಯಿರಿ, ಆ ಮಗುವಿಗೆ ಎರಡು ದಿನ ಬಿಟ್ಟು ಮತ್ತೆ ಓದಿ ಹೇಳಿ. ಬೇಡ ಅಂದರೆ ಬೇಡ. 18 ತುಂಬದವರ ಫೋಟೊಗೆ, ಮಾತಿಗೆ ಮನೆಯವರ ಸಹಿ ಬೇಕು. ಒಪ್ಪಿಗೆ ಪತ್ರ ತಮಿಳಲ್ಲೂ ಕನ್ನಡದಲ್ಲೂ ಇರಲಿ. ಫೋನ್ ನಂಬರು, ವಿಳಾಸ, ಮಾರ್ಕು ಹಾಕಬೇಡಿ.