ಎ–ಪ್ಲಸೀಬೊ, ಬಿ–ಪ್ಲಸೀಬೊ ಟ್ರಯಲ್‌ಗಳಷ್ಟೇ ಇದ್ದಾಗ ಎ–ಬಿ ಹೋಲಿಕೆ ಹೇಗೆ?

ಪಿಜಿ_ಪ್ರಬಂಧ:
ಎ, ಬಿ ಎಂಬ ಎರಡು ಔಷಧಗಳ ಮೇಲೆ ಮೆಟಾ-ಅನಾಲಿಸಿಸ್ (ಹಲವು ಟ್ರಯಲ್‌ಗಳ ಫಲಿತಾಂಶವನ್ನು ಒಟ್ಟುಗೂಡಿಸುವ ಲೆಕ್ಕ) ಮಾಡುತ್ತಿದ್ದೇನೆ. ಎರಡನ್ನೂ ಎದುರುಬದುರು ಇಟ್ಟು ನೋಡಿದ ಟ್ರಯಲ್ ಒಂದೂ ಸಿಗಲಿಲ್ಲ. ಎಲ್ಲವೂ ಪ್ಲಸೀಬೊ (ಔಷಧವಿಲ್ಲದ ಹುಸಿ ಚಿಕಿತ್ಸೆ) ಜೊತೆಗಿನವು. ಪ್ರಶ್ನೆ ಸ್ಪಷ್ಟವಾಗಲೆಂದು ಅಂಕಿ ಹೀಗಿವೆ ಎಂದುಕೊಳ್ಳಿ: ಪ್ಲಸೀಬೊಗೆ ಹೋಲಿಸಿದರೆ ಸಾವಿನ ಆಡ್ಸ್ ರೇಶಿಯೊ (1ಕ್ಕಿಂತ ಕಡಿಮೆ ಎಂದರೆ ಸಾವು ಕಡಿಮೆ) ಎ ಔಷಧಕ್ಕೆ 0.70 (95% ವ್ಯಾಪ್ತಿ 0.55–0.89), ಬಿ ಔಷಧಕ್ಕೆ 0.85 (0.70–1.03). ಎ ವ್ಯಾಪ್ತಿ 1ನ್ನು ಮುಟ್ಟದ್ದರಿಂದ ಸಿಗ್ನಿಫಿಕೆಂಟ್, ಬಿ ಅಲ್ಲ. ಹಾಗಾದರೆ ಎ ಮೇಲು ಎಂದು ಬರೆಯಬಹುದೇ? ಜೊತೆಗೆ ಎ, ಸಿ, ಪ್ಲಸೀಬೊ ಇರುವ ಮೂರು ಗುಂಪಿನ ಟ್ರಯಲ್ ಒಂದಿದೆ. ಇನ್ನೊಂದು ಟ್ರಯಲ್‌ನ ಒಂದು ಗುಂಪಿನಲ್ಲಿ ಸಾವೇ ಇಲ್ಲ. ಇವನ್ನು ಹೇಗೆ ಸೇರಿಸಲಿ?

ಲಾಗ್_ಆಡ್ಸ್:
ಹಾಗೆ ಬರೆಯಬೇಡಿ. ಒಂದು ಸಿಗ್ನಿಫಿಕೆಂಟ್, ಇನ್ನೊಂದು ಅಲ್ಲ ಎಂದ ಮಾತ್ರಕ್ಕೆ ಅವೆರಡರ ನಡುವೆ ವ್ಯತ್ಯಾಸವಿದೆ ಎಂದಾಗುವುದಿಲ್ಲ. ಆ ವ್ಯತ್ಯಾಸವನ್ನೇ ಲೆಕ್ಕ ಹಾಕಬೇಕು. ಅದಕ್ಕೆ 1997ರ ಬುಚರ್ ವಿಧಾನ (ಎರಡನ್ನೂ ಪ್ಲಸೀಬೊ ಮೂಲಕ ಪರೋಕ್ಷವಾಗಿ ಹೋಲಿಸುವುದು) ಸಾಕು, ಕ್ಯಾಲ್ಕುಲೇಟರ್‌ನಲ್ಲೇ ಆಗುತ್ತದೆ.

ಮೊದಲು ಎರಡನ್ನೂ ನೈಸರ್ಗಿಕ ಲಾಗ್‌ಗೆ ತನ್ನಿ: ಎ −0.357, ಬಿ −0.163. ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ಬೇಕೆಂದರೆ ವ್ಯಾಪ್ತಿಯ ಎರಡು ತುದಿಗಳ ಲಾಗ್ ತೆಗೆದು, ಅವುಗಳ ಅಂತರವನ್ನು 3.92ರಿಂದ ಭಾಗಿಸಿ. ಎ 0.123, ಬಿ 0.099 ಬರುತ್ತದೆ. ಈಗ ಲಾಗ್‌ಗಳನ್ನು ಕಳೆಯಿರಿ: −0.194. ಎರರ್‌ಗಳನ್ನು ಮಾತ್ರ ಕಳೆಯಬಾರದು, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು: 0.157. ಮರಳಿ ಆಡ್ಸ್ ರೇಶಿಯೊಗೆ ತಂದರೆ 0.82 (0.60–1.12). ಅಂದರೆ ಎ ಮೇಲು ಎನ್ನಲು ಆಧಾರ ಸಾಲದು. ಎರಡೂ ಸಮ ಎನ್ನಲೂ ಸಾಲದು.

ಪರೋಕ್ಷ ಹೋಲಿಕೆಯಲ್ಲಿ ವೇರಿಯನ್ಸ್ (ಎರರ್‌ನ ವರ್ಗ) ಕೂಡುತ್ತಾ ಹೋಗುವುದರಿಂದ ನಿಖರತೆ ಬೇಗ ಸೋರಿಹೋಗುತ್ತದೆ. ಒಂದೇ ಗಾತ್ರದ ಟ್ರಯಲ್‌ಗಳಾದರೆ, ಒಂದು ನೇರ ಟ್ರಯಲ್ ಕೊಡುವ ನಿಖರತೆಗೆ ಸುಮಾರು ನಾಲ್ಕು ಬೇಕು, ಪ್ರತಿ ಕಡೆಗೆ ಎರಡರಂತೆ.

ಇನ್ನೊಂದು ಮಾತು: ಎಲ್ಲ ಟ್ರಯಲ್‌ಗಳ ಎ ಗುಂಪುಗಳನ್ನು ಒಂದು ರಾಶಿ, ಬಿ ಗುಂಪುಗಳನ್ನು ಇನ್ನೊಂದು ರಾಶಿ ಮಾಡಿ ಹೋಲಿಸುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ, ರ‍್ಯಾಂಡಮೈಸೇಶನ್ (ಯಾರು ಯಾವ ಗುಂಪಿಗೆ ಎಂಬ ಚೀಟಿ ಎತ್ತಿದಂಥ ಹಂಚಿಕೆ) ಅಲ್ಲಿಗೇ ಮುರಿದುಬೀಳುತ್ತದೆ.

ನೆಟ್‌ಮೆಟಾ_ಬಳಕೆದಾರ:
ಉಳಿದೆರಡು ಪ್ರಶ್ನೆಗಳಿಗೆ ಧೂಮಪಾನ ಬಿಡಿಸುವ ವಿಧಾನಗಳ ಹಳೆಯ ದತ್ತಾಂಶ ನೋಡಿ, ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನ ನೆಟ್‌ಮೆಟಾ ಪ್ಯಾಕೇಜಿನ ಜೊತೆಗೇ ಸಿಗುತ್ತದೆ. 24 ಟ್ರಯಲ್, ನಾಲ್ಕು ವಿಧಾನ: ಏನೂ ಮಾಡದಿರುವುದು, ಸ್ವಸಹಾಯ, ವೈಯಕ್ತಿಕ ಸಮಾಲೋಚನೆ, ಗುಂಪು ಸಮಾಲೋಚನೆ. ಅದರಲ್ಲಿ ಎರಡು ಟ್ರಯಲ್‌ಗಳಿಗೆ ಮೂರು ಗುಂಪು. ಒಂದರ ಅಂಕಿ: ಏನೂ ಮಾಡದವರಲ್ಲಿ 140ಕ್ಕೆ 9, ವೈಯಕ್ತಿಕ ಸಮಾಲೋಚನೆಯಲ್ಲಿ 140ಕ್ಕೆ 23, ಗುಂಪು ಸಮಾಲೋಚನೆಯಲ್ಲಿ 138ಕ್ಕೆ 10 ಮಂದಿ ಬಿಟ್ಟರು. ಇದನ್ನು ಎರಡು ಬೇರೆ ಟ್ರಯಲ್ ಎಂದು ಹಾಕಿದರೆ ಮೊದಲ 140 ಜನ ಎರಡು ಸಲ ಎಣಿಕೆಯಾಗುತ್ತಾರೆ, ವ್ಯಾಪ್ತಿ ಸುಳ್ಳೇ ಕಿರಿದಾಗುತ್ತದೆ. ಪೇರ್‌ವೈಸ್ ಫಂಕ್ಷನ್‌ಗೆ ಗುಂಪುವಾರು ಅಂಕಿ ಕೊಡಿ. ಅದು ಮೂರು ಜೋಡಿಯನ್ನೂ ಒಂದೇ ಟ್ರಯಲ್ ಹೆಸರಿನಲ್ಲಿ ಬರೆಯುತ್ತದೆ, ಅವುಗಳ ಪರಸ್ಪರ ಸಂಬಂಧವನ್ನು ನೆಟ್‌ಮೆಟಾ ನೋಡಿಕೊಳ್ಳುತ್ತದೆ. ಈ ದತ್ತಾಂಶದಲ್ಲಿ 22 ಎರಡು-ಗುಂಪಿನವು, ಮೂರು-ಗುಂಪಿನ ಎರಡಕ್ಕೆ ಆರು, ಒಟ್ಟು 28 ಸಾಲು ಬರಬೇಕು. ಕೈಯಿಂದ ಸಾಲು ತುಂಬುವಾಗ ಮೂರರಲ್ಲಿ ಒಂದು ಜೋಡಿ ಬಿಟ್ಟರೂ ಹೋಲಿಕೆಗಳ ಸಂಖ್ಯೆ ತಪ್ಪು ಎಂದು ಪ್ರೋಗ್ರಾಂ ನಿಂತುಬಿಡುತ್ತದೆ.

ಸೊನ್ನೆಯ ವಿಷಯವೂ ಅಲ್ಲೇ ಸಿಗುತ್ತದೆ. ಒಂದು ಟ್ರಯಲ್‌ನಲ್ಲಿ ಏನೂ ಮಾಡದ 20 ಜನರಲ್ಲಿ ಯಾರೂ ಬಿಡಲಿಲ್ಲ, ಗುಂಪು ಸಮಾಲೋಚನೆಯ 20ರಲ್ಲಿ 9 ಜನ ಬಿಟ್ಟರು. ಎರಡೂ ಗುಂಪಿನ ಬಿಟ್ಟವರು, ಬಿಡದವರು ಎಂಬ ನಾಲ್ಕೂ ಮನೆಗೆ 0.5 ಸೇರಿಸಿದರೆ ಆಡ್ಸ್ ರೇಶಿಯೊ ಸುಮಾರು 34, ವ್ಯಾಪ್ತಿ 1.8ರಿಂದ 600ರ ಆಚೆಗೆ. ಇಷ್ಟು ಅಗಲವಾದದ್ದಕ್ಕೆ ತೂಕ ಕಡಿಮೆ ಸಿಗುತ್ತದೆ, ನಿಜ. ಆದರೆ ನಿಮ್ಮಲ್ಲಿ ಇಂಥ ಅಪರೂಪದ ಘಟನೆಗಳೇ ಹೆಚ್ಚಿದ್ದರೆ 0.5 ಸೇರಿಸುವುದೇ ಉತ್ತರವನ್ನು ಎಳೆಯತೊಡಗುತ್ತದೆ. ಆಗ ಮ್ಯಾಂಟೆಲ್–ಹೆನ್ಸೆಲ್ ವಿಧಾನಕ್ಕೆ ಹೋಗಿ, ಅದೇ ಪ್ಯಾಕೇಜಿನ ನೆಟ್‌ಮೆಟಾಬಿನ್‌ನಲ್ಲಿದೆ. ಎರಡೂ ಗುಂಪಿನಲ್ಲಿ ಸೊನ್ನೆ ಇದ್ದರೆ ಆ ಟ್ರಯಲ್ ಆಡ್ಸ್ ರೇಶಿಯೊಗೆ ಏನನ್ನೂ ಹೇಳುವುದಿಲ್ಲ. ವರದಿಯಲ್ಲಿ ಮಾತ್ರ ಅದನ್ನು ತೋರಿಸಲೇಬೇಕು.

ಪಿಜಿ_ಪ್ರಬಂಧ:
ಧನ್ಯವಾದ ಇಬ್ಬರಿಗೂ. ಬುಚರ್ ಲೆಕ್ಕ ಬಂತು. ಆದರೆ ನೇರ, ಪರೋಕ್ಷ ಫಲಿತಾಂಶಗಳನ್ನು ಬೇರ್ಪಡಿಸುವ ನೆಟ್‌ಸ್ಪ್ಲಿಟ್ ಹಾಕಿದರೆ ನೇರ–ಪರೋಕ್ಷ ವ್ಯತ್ಯಾಸದ ಪಿ ಬೆಲೆಯೇ ಬರುತ್ತಿಲ್ಲ. ಶ್ರೇಯಾಂಕದಲ್ಲಿ ಪ್ಲಸೀಬೊ ಮೊದಲ ಸ್ಥಾನಕ್ಕೆ ಬಂದಿದೆ!

ಟ್ರಯಲ್_ಓದುಗ:
ಶ್ರೇಯಾಂಕದ್ದು ದಿಕ್ಕಿನ ಸಮಸ್ಯೆ ಇರಬೇಕು. ನೆಟ್‌ರ‍್ಯಾಂಕ್‌ನಲ್ಲಿ ಸಣ್ಣ ಬೆಲೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಆಯ್ಕೆಯಿದೆ. ಧೂಮಪಾನದ ದತ್ತಾಂಶದಲ್ಲಿ ಘಟನೆ ಎಂದರೆ ಚಟ ಬಿಡುವುದು, ಹೆಚ್ಚಿದ್ದಷ್ಟೂ ಒಳ್ಳೆಯದು. ನಿಮ್ಮಲ್ಲಿ ಘಟನೆ ಸಾವು. ಅಲ್ಲಿಯ ಕೋಡನ್ನು ಹಾಗೇ ತಂದಿದ್ದರೆ ಪಟ್ಟಿ ತಲೆಕೆಳಗಾಗುತ್ತದೆ.

ದಿಕ್ಕು ಸರಿಮಾಡಿದ ಮೇಲೂ ಶ್ರೇಯಾಂಕದ ಮೇಲೆ ತೀರ್ಮಾನ ನಿಲ್ಲಿಸಬೇಡಿ. 2018ರ ಲ್ಯಾನ್ಸೆಟ್‌ನ ಖಿನ್ನತೆ ಔಷಧಗಳ ನೆಟ್‌ವರ್ಕ್ ಮೆಟಾ-ಅನಾಲಿಸಿಸ್‌ನಲ್ಲಿ (ಹಲವು ಔಷಧಗಳನ್ನು ಒಟ್ಟಿಗೇ ಹೋಲಿಸುವ ಲೆಕ್ಕ) 522 ಟ್ರಯಲ್, 1,16,477 ಜನ, 21 ಔಷಧ. ಪರಿಣಾಮದಲ್ಲಿ 21 ಕೂಡ ಪ್ಲಸೀಬೊಗಿಂತ ಮೇಲು, ಆಡ್ಸ್ ರೇಶಿಯೊ (ಇಲ್ಲಿ ಹೆಚ್ಚಿದ್ದಷ್ಟೂ ಒಳ್ಳೆಯದು) ಅಮಿಟ್ರಿಪ್ಟಿಲಿನ್ 2.13ರಿಂದ ರಿಬಾಕ್ಸೆಟಿನ್ 1.37ರವರೆಗೆ. ನಡುವಿನ ಔಷಧಗಳ ವ್ಯಾಪ್ತಿಗಳು ಒಂದರ ಮೇಲೊಂದು ಬಿದ್ದಿವೆ. ಅಲ್ಲಿ ಏಳನೆಯದು, ಎಂಟನೆಯದು ಎನ್ನುವುದಕ್ಕೆ ರೋಗಿಯ ಹಾಸಿಗೆಯ ಪಕ್ಕ ಅರ್ಥವಿಲ್ಲ.

ಪಿ ಬೆಲೆ ಬಾರದಿರುವುದು ದೋಷವಲ್ಲ. ಪ್ಲಸೀಬೊ ಮಧ್ಯೆ, ಉಳಿದವು ಸುತ್ತ ಇದ್ದರೆ ಮುಚ್ಚಿದ ಸುತ್ತು ಇರುವುದಿಲ್ಲ, ಹೋಲಿಸಲು ಎರಡು ದಾರಿಯೇ ಇಲ್ಲ. ನಿಮ್ಮ ಎ–ಸಿ–ಪ್ಲಸೀಬೊ ತ್ರಿಕೋನ ಇದ್ದರೂ ಅದು ಒಂದೇ ಟ್ರಯಲ್‌ನದು, ತನ್ನೊಳಗೆ ತಾನು ಯಾವಾಗಲೂ ಹೊಂದಿಕೊಂಡೇ ಇರುತ್ತದೆ. ಹಾಗಾಗಿ "ಅಸಂಗತತೆ ಕಂಡುಬರಲಿಲ್ಲ" ಎಂದು ಬರೆಯಬೇಡಿ, "ಪರೀಕ್ಷಿಸಲು ಸಾಧ್ಯವಿಲ್ಲ" ಎಂದು ಬರೆಯಿರಿ.

ಆಗ ಉಳಿಯುವುದು ಟ್ರಯಲ್‌ಗಳನ್ನು ಓದುವ ಕೆಲಸ, ನನ್ನ ಪ್ರಕಾರ ಇಡೀ ಪ್ರಬಂಧದ ಅತಿ ಮುಖ್ಯ ಭಾಗ ಅದೇ. ಎ ಟ್ರಯಲ್‌ಗಳು, ಬಿ ಟ್ರಯಲ್‌ಗಳು ಎಂದು ಪಕ್ಕಪಕ್ಕ ಕೋಷ್ಟಕ ಮಾಡಿ: ನಡೆದ ವರ್ಷ, ಸರಾಸರಿ ವಯಸ್ಸು, ರೋಗದ ತೀವ್ರತೆ, ಜೊತೆಗೆ ಕೊಟ್ಟ ಚಿಕಿತ್ಸೆ, ಎಷ್ಟು ತಿಂಗಳು ಗಮನಿಸಿದರು, ಪ್ಲಸೀಬೊ ಗುಂಪಿನಲ್ಲಿ ಶೇಕಡಾ ಎಷ್ಟು ಸಾವು. ಒಂದು ಕಡೆಯ ಪ್ಲಸೀಬೊದಲ್ಲಿ ಸಾವು ಇನ್ನೊಂದು ಕಡೆಗಿಂತ ಎರಡು ಪಟ್ಟು ಇದ್ದರೆ, ಆ ಎರಡು ಕಡೆಯ ರೋಗಿಗಳು ಒಂದೇ ಬಗೆಯವರಲ್ಲ ಎಂಬ ಅನುಮಾನ ಮೊದಲು ಬರಬೇಕು. ಔಷಧದ ಪರಿಣಾಮ ರೋಗದ ತೀವ್ರತೆಯ ಜೊತೆ ಬದಲಾಗುವಂಥದ್ದಾದರೆ 0.82 ಎಂಬ ಅಂಕಿ ಎ–ಬಿ ಔಷಧಗಳ ಅಂತರವನ್ನಲ್ಲ, ಆ ರೋಗಿಗಳ ಅಂತರವನ್ನು ತೋರಿಸುತ್ತಿರಬಹುದು.