ವಾಲ್ವ್ ರೇಡಿಯೋದಲ್ಲಿ ಮೀಡಿಯಂ ವೇವ್ ಬರೀ ಗರಗರ: ಏರಿಯಲ್ ಹೇಗೆ ಕಟ್ಟಬೇಕು?

ಹಳೇಸೆಟ್, ಹಾಸನ:
ಟೇಬಲ್ ಸೆಟ್, ವಾಲ್ವುಗಳು ಇಸಿಎಚ್81, ಇಬಿಎಫ್89, ಇಸಿಎಲ್82, ಇಝಡ್80, ಜೊತೆಗೆ ಸಿಗ್ನಲ್ ಬಲ ತೋರಿಸುವ ಮ್ಯಾಜಿಕ್ ಐ ಇಎಂ80. ಪೇಪರ್ ಕಂಡೆನ್ಸರ್, ಎಲೆಕ್ಟ್ರೊಲಿಟಿಕ್ ಎಲ್ಲ ಹೊಸದು, ವೋಲ್ಟೇಜುಗಳೂ ಸರಿ ಇವೆ. ಹಗಲು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಗರಗರದ ಹಿಂದೆ ಸಣ್ಣಗೆ ಕೇಳುತ್ತೆ. ಧಾರವಾಡದ 765 ಕತ್ತಲಾದ ಮೇಲಷ್ಟೇ. ಮೊದಲು ಬೀರು ಹಿಂದೆ 3 ಮೀಟರ್ ವೈರ್ ಬಿಟ್ಟಿತ್ತು. ಈಗ ತಾರಸಿ ಮೇಲೆ 10 ಮೀಟರ್ ತಂತಿ ಎಳೆದು, ಅಲ್ಲಿಂದ 15 ಮೀಟರ್ ಡಿಶ್ ಕೇಬಲ್‌ನಲ್ಲಿ ಕೆಳಗೆ ತಂದಿದೆ. ಸಿಗ್ನಲ್ ಇನ್ನೂ ಕಮ್ಮಿ ಆಯ್ತು. ಯಾಕೆ?

ತಾಮ್ರತಂತಿ:
ಕೇಬಲ್ ನುಂಗುತ್ತಿದೆ ಸರ್. 612 ಕಿಲೋಹರ್ಟ್ಸ್‌ನ ಅಲೆಯ ಉದ್ದ 490 ಮೀಟರ್. ಅದರ ಮುಂದೆ ನಿಮ್ಮ 10 ಮೀಟರ್ ತಂತಿ 80ರಿಂದ 100 ಪಿಎಫ್‌ನ (ಪಿಕೋಫ್ಯಾರಡ್) ಒಂದು ಕಂಡೆನ್ಸರ್ ಇದ್ದ ಹಾಗೆ, ಅಷ್ಟೇ. ನಿಮ್ಮ ಡಿಶ್ ಕೇಬಲ್ ಅಂದರೆ ಆರ್‌ಜಿ6. ಅದರ ನಡುತಂತಿಗೂ ಸುತ್ತಲಿನ ಲೋಹದ ಹೆಣಿಗೆಗೂ ನಡುವೆ ಮೀಟರಿಗೆ ಸುಮಾರು 53 ಪಿಎಫ್ ಇರುತ್ತೆ. 15 ಮೀಟರಿಗೆ 800 ಪಿಎಫ್ ಆಯ್ತು. ತಂತಿಗೆ ಬಂದ ಸಿಗ್ನಲ್ ಈ ಎರಡರ ನಡುವೆ ಹಂಚಿಹೋಗಿ ಹತ್ತರಲ್ಲೊಂದು ಪಾಲು ಮಾತ್ರ ಸೆಟ್ಟಿಗೆ ತಲುಪುತ್ತೆ. ಸಾಲದ್ದಕ್ಕೆ ಆ 800 ಪಿಎಫ್ ಏರಿಯಲ್ ಕಾಯಿಲ್ ಮೇಲೆ ಕೂತು ಅದರ ಟ್ಯೂನಿಂಗನ್ನೂ ಕೆಡಿಸುತ್ತೆ.

ಆದರೆ ಕೇಬಲ್ ಕಿತ್ತು ಬರೀ ತಂತಿಯನ್ನೇ ಒಳಗೆ ತರಬೇಡಿ. ನಿಮ್ಮ ನಿಜವಾದ ಕಾಟ ಮನೆಯೊಳಗಿನ ಕರೆಂಟ್ ಸಾಮಾನುಗಳು ಎಬ್ಬಿಸುವ ರೇಡಿಯೋ ಗಲಾಟೆ. ಮೊದಲು ಅದನ್ನು ಹಿಡಿಯಿರಿ. ಸೆಲ್ ಹಾಕಿದ ಚಿಕ್ಕ ಟ್ರಾನ್ಸಿಸ್ಟರನ್ನು 612ರ ಪಕ್ಕದ ಖಾಲಿ ಜಾಗಕ್ಕೆ ತಿರುಗಿಸಿ, ಮೇನ್ ಆಫ್ ಮಾಡಿ. ಗರಗರ ನಿಂತರೆ ಮೂಲ ಮನೆಯಲ್ಲೇ ಇದೆ. ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತಾ ಹೋಗಿ. ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಬಿಎಲ್‌ಡಿಸಿ ಫ್ಯಾನ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಇನ್ವರ್ಟರ್, ಇವೇ ಸಾಮಾನ್ಯವಾಗಿ ಸಿಕ್ಕಿಬೀಳುವುದು. ಮೇನ್ ಆಫ್ ಆದಾಗಲೂ ಇನ್ವರ್ಟರ್ ತಾನಾಗಿ ಶುರುವಾಗುತ್ತೆ, ಅದನ್ನು ಬೇರೆಯಾಗಿಯೇ ಆಫ್ ಮಾಡಬೇಕು.

ಇನ್ನೊಂದು, ಮ್ಯಾಜಿಕ್ ಐ ನೋಡಿ ಏರಿಯಲ್ ಅಳೆಯಬೇಡಿ. ಗಲಾಟೆಯೂ ಎವಿಸಿ (ಸದ್ದನ್ನು ತಾನಾಗಿ ಸಮವಾಗಿಡುವ ಸರ್ಕ್ಯೂಟ್) ವೋಲ್ಟೇಜ್ ಹುಟ್ಟಿಸುತ್ತೆ, ಕಣ್ಣು ಅದಕ್ಕೂ ಮುಚ್ಚಿಕೊಳ್ಳುತ್ತೆ. ಮಾತು ಸ್ಪಷ್ಟವಾಯಿತೇ ಅಂತ ಕಿವಿಯಲ್ಲೇ ಕೇಳಿ.

ಈಗ ಕೇಬಲ್ ವಿಷಯ. ಎಫ್‌ಟಿ140-43 ಫೆರೈಟ್ ರಿಂಗ್ ಎರಡು ಬೇಕು. ಒಂದೊಂದರ ಮೇಲೂ 0.5 ಮಿಮೀ ಎನಾಮಲ್ ತಂತಿಯಲ್ಲಿ 24 ಸುತ್ತು, ಅದಕ್ಕೆ ತಾಗದ ಹಾಗೆ ಬೇರೆಯಾಗಿ 8 ಸುತ್ತು. ಒಂದು ರಿಂಗ್ ತಾರಸಿಯಲ್ಲಿ: 24 ಸುತ್ತಿನ ಒಂದು ತುದಿ ಏರಿಯಲ್ ತಂತಿಗೆ, ಇನ್ನೊಂದು ಹೊರಗಿನ ಅರ್ಥ್ ರಾಡಿಗೆ. 8 ಸುತ್ತು ಕೇಬಲ್ಲಿನ ನಡುತಂತಿಗೂ ಹೆಣಿಗೆಗೂ. ಹೆಣಿಗೆಯನ್ನು ರಾಡಿಗೆ ಸೇರಿಸಲೇಬೇಡಿ. ಸೇರಿಸಿದರೆ ಮನೆಯ ಗಲಾಟೆ ಕೇಬಲ್ಲಿನ ಹೊರಮೈ ಹಿಡಿದು ಏರಿಯಲ್ಲಿಗೇ ಹತ್ತುತ್ತೆ, ಮಾಡಿದ್ದೆಲ್ಲ ವ್ಯರ್ಥ. ಇನ್ನೊಂದು ರಿಂಗ್ ಸೆಟ್ ಹಿಂದೆ, ಉಲ್ಟಾ: 8 ಕೇಬಲ್‌ಗೆ, 24 ಸೆಟ್ಟಿನ ಎ (ಏರಿಯಲ್) ಮತ್ತು ಇ (ಅರ್ಥ್) ಸಾಕೆಟ್‌ಗೆ. ಕಂಪ್ಯೂಟರ್ ಪವರ್ ಸಪ್ಲೈಯಿಂದ ಬಿಚ್ಚಿದ ಹಳದಿ ರಿಂಗ್ ಬೇಡ. ಅದು ಕಬ್ಬಿಣದ ಪುಡಿಯದು, ಇಷ್ಟೇ ಸುತ್ತಿಗೆ ಮೀಡಿಯಂ ವೇವ್‌ಗೆ ಬೇಕಾದ ಇಂಡಕ್ಟೆನ್ಸ್ ಬರಲ್ಲ.

ರಾಡ್ ಅಂದರೆ ಒಂದೂಕಾಲು ಮೀಟರ್ ಜಿಐ ಪೈಪ್ ಸಾಕು, ಬಚ್ಚಲ ನೀರು ಹರಿಯುವ ತೇವದ ಜಾಗದಲ್ಲಿ ಹೊಡೆಯಿರಿ. ಮೂರು ಪಿನ್ ಪ್ಲಗ್ಗಿನ ಅರ್ಥ್ ಈ ಕೆಲಸಕ್ಕಲ್ಲ. ಎಲ್ಲ ಚಾರ್ಜರುಗಳ ಗಲಾಟೆ ಅದರ ಮೇಲೇ ಓಡಾಡುತ್ತಿರುತ್ತೆ. ತಾರಸಿ ತಂತಿ ಕರೆಂಟ್ ಲೈನಿಗೆ ಲಂಬವಾಗಿ, ದೂರದಲ್ಲಿ ಇರಲಿ. ತುಂಡಾಗಿ ಬಿದ್ದರೂ ಲೈನ್ ಮುಟ್ಟದಷ್ಟು ದೂರ.

ಲೂಪ್‌ಗಾರ:
ತಾರಸಿ ಸಿಗದವರಿಗೆ, ಬಾಡಿಗೆ ಫ್ಲ್ಯಾಟಿನವರಿಗೆ ಲೂಪ್ ಒಳ್ಳೆಯದು. ಗಲಾಟೆ ಹತ್ತಿರವೇ ಇರುವ ಕಡೆ ನಾನಂತೂ ಉದ್ದ ತಂತಿಗಿಂತ ಇದನ್ನೇ ಹೇಳುತ್ತೇನೆ. 85 ಸೆಂಮೀ ಉದ್ದದ ಎರಡು ಮರದ ಪಟ್ಟಿಗಳನ್ನು ಶಿಲುಬೆಯಾಗಿ ಜೋಡಿಸಿದರೆ 60 ಸೆಂಮೀ ಬದಿಯ ಚೌಕ ಆಗುತ್ತೆ. ಅದರ ಮೇಲೆ 5 ಮಿಮೀ ಅಂತರ ಬಿಟ್ಟು 11 ಸುತ್ತು, ಸುಮಾರು 27 ಮೀಟರ್ ತಂತಿ. ಇಂಡಕ್ಟೆನ್ಸ್ 180 ಮೈಕ್ರೋಹೆನ್ರಿ ಆಸುಪಾಸು ಬರುತ್ತೆ. ಹಳೆ ಸೆಟ್ಟಿನ ಏರ್ ಗ್ಯಾಂಗಿನ (ಸ್ಟೇಷನ್ ತಿರುಗಿಸುವ ಕಂಡೆನ್ಸರ್) 500 ಪಿಎಫ್‌ನ ಒಂದು ಭಾಗ ಅಡ್ಡ ಹಾಕಿದರೆ 530ರಿಂದ 1600 ಕಿಲೋಹರ್ಟ್ಸ್‌ವರೆಗೂ ಟ್ಯೂನ್ ಆಗುತ್ತೆ. 612 ಸಿಗುವುದು 380 ಪಿಎಫ್ ಹತ್ತಿರ. ಸುತ್ತುಗಳನ್ನು ಒತ್ತೊತ್ತಾಗಿ ಸುತ್ತಿದರೆ ಡಯಲಿನ ಮೇಲ್ತುದಿ ತಲುಪಲ್ಲ.

ಅದರ ಒಳಗೆ ಬೇರೆ ತಂತಿಯ ಒಂದೇ ಸುತ್ತು, ಎರಡು ತುದಿ ಎ ಮತ್ತು ಇ ಸಾಕೆಟ್‌ಗೆ. ಹಾಸನದಿಂದ ಬೆಂಗಳೂರು ಪೂರ್ವಕ್ಕೆ, ಹಾಗಾಗಿ ಚೌಕದ ಅಂಚು ಪೂರ್ವಕ್ಕೆ ಮುಖ ಮಾಡಲಿ. ಆಮೇಲೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಗಲಾಟೆ ಅತಿ ಕಮ್ಮಿ ಆಗುವ ಕೋನ ಹುಡುಕಿ. ಸಿಗ್ನಲ್ ಸ್ವಲ್ಪ ಇಳಿದರೂ ಪರವಾಗಿಲ್ಲ, ಕಿವಿಗೆ ಲಾಭವೇ.

ಹಳೇಸೆಟ್, ಹಾಸನ:
ಎರಡು ಬಲ್ಬ್ ಬದಲಿಸಿದ ಮೇಲೆ ಅರ್ಧ ಗರಗರ ಹೋಯ್ತು. ರಿಂಗ್ ಸುತ್ತುತ್ತೇನೆ. ನನ್ನ ಬಳಿ ಇನ್ನೊಂದು ಚಿಕ್ಕ ಸೆಟ್ ಇದೆ, ಯುಸಿಎಚ್81, ಯುಎಲ್84, ಯುವೈ85. ಅದಕ್ಕೂ ಇದೇ ಅರ್ಥ್ ಕೊಡಬಹುದಾ?

ತಾಮ್ರತಂತಿ:
ಬೇಡವೇ ಬೇಡ. ಯು ಸಾಲಿನ ವಾಲ್ವುಗಳೆಂದರೆ ಎಸಿ/ಡಿಸಿ ಸೆಟ್, ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರಲ್ಲ. ಕರೆಂಟಿನ ಒಂದು ತಂತಿ ನೇರ ಚಾಸಿಗೇ (ಸೆಟ್ಟಿನ ಲೋಹದ ತಳಕ್ಕೇ) ಹೋಗಿರುತ್ತೆ. ಪ್ಲಗ್ ತಿರುಗಿದರೆ ಚಾಸಿ ಮೇಲೆ 230 ವೋಲ್ಟ್. ಅದಕ್ಕೆ ಅರ್ಥ್ ಕೊಟ್ಟರೆ ಫ್ಯೂಸ್ ಹೋದೀತು, ಏರಿಯಲ್ ಮುಟ್ಟಿದವರ ಪ್ರಾಣಕ್ಕೂ ಅಪಾಯ. ಏರಿಯಲ್ ಸಾಕೆಟ್ಟಿನ ಸರಣಿ ಕಂಡೆನ್ಸರ್ ಹಳೆಯದಾಗಿದ್ದರೆ ಮೊದಲು ಅದನ್ನು ಕಿತ್ತು ಮೇನ್ಸ್ ಸುರಕ್ಷತೆಗೆಂದೇ ಇರುವ ವೈ2 ದರ್ಜೆಯ 1000 ಪಿಎಫ್ ಹಾಕಿ. ಸಾಮಾನ್ಯ ಸೆರಾಮಿಕ್ ಅಲ್ಲಿ ಆಗದು. ಎರಡನೇ ರಿಂಗಿನ 24 ಸುತ್ತಿನ ಎರಡೂ ತುದಿಗೆ ಇಂಥ ಒಂದೊಂದು ಕಂಡೆನ್ಸರ್ ಬೇಕು. ರಿಪೇರಿ ಬೆಂಚಿನಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆ ಸೆಟ್ ಬಿಚ್ಚಬೇಡಿ.

ಮೊದಲ ಸೆಟ್ಟಿಗೆ ಒಂದು ಪರೀಕ್ಷೆ ಬಾಕಿ ಇದೆ. ಪ್ಲಗ್ ಕಿತ್ತು, ಬ್ಯಾಂಡ್ ಸ್ವಿಚ್ ಮೀಡಿಯಂ ವೇವ್‌ನಲ್ಲಿಟ್ಟು, ಎ ಮತ್ತು ಇ ನಡುವೆ ಓಮ್ ಅಳೆಯಿರಿ. ಕೆಲವು ಓಮ್‌ನಿಂದ ಕೆಲವು ಹತ್ತು ಓಮ್ ಬಂದರೆ ಕಾಯಿಲ್ ಸರಿ ಇದೆ. ಏನೂ ತೋರಿಸದಿದ್ದರೆ ನಡುವೆ ಕಂಡೆನ್ಸರ್ ಇದೆಯೇ ಅಂತ ಸರ್ಕ್ಯೂಟಲ್ಲಿ ನೋಡಿ. ಇಲ್ಲದಿದ್ದರೆ ಕಾಯಿಲ್ ಸಿಡಿಲಿಗೆ ಸುಟ್ಟಿರಬಹುದು, ಅಥವಾ ಸ್ವಿಚ್ಚಿನ ಕಾಂಟ್ಯಾಕ್ಟ್ ಕಪ್ಪಾಗಿರಬಹುದು.

ಏರಿಯಲ್ ಬದಲಾದ ಮೇಲೆ ಏರಿಯಲ್ ಟ್ರಿಮ್ಮರನ್ನು (ತಿರುಗಿಸಿ ಹೊಂದಿಸುವ ಚಿಕ್ಕ ಕಂಡೆನ್ಸರ್) ಮತ್ತೆ ಕೂರಿಸಬೇಕು. 1400 ಕಿಲೋಹರ್ಟ್ಸ್ ಹತ್ತಿರ ಒಂದು ಮಂದ ಸ್ಟೇಷನ್ ಹಿಡಿದು ಟ್ರಿಮ್ಮರ್, 600 ಹತ್ತಿರ ಕಾಯಿಲ್ಲಿನ ಕೋರ್, ಎರಡನ್ನೂ ಒಂದೆರಡು ಸಲ ತಿರುಗಿಸಿ. ಜೋರಾದ ಸ್ಟೇಷನ್ ಮೇಲೆ ಎವಿಸಿ ಬದಲಾವಣೆಯನ್ನು ಮುಚ್ಚಿಬಿಡುತ್ತೆ, ಶಿಖರ ಗೊತ್ತಾಗಲ್ಲ. ಆಸಿಲೇಟರ್ ಟ್ರಿಮ್ಮರ್ ಮುಟ್ಟಬೇಡಿ, ಡಯಲ್ಲೇ ಸರಿದುಹೋಗುತ್ತೆ. ಏಪ್ರಿಲ್–ಮೇ ಗುಡುಗಿನ ದಿನಗಳಲ್ಲಿ ತಾರಸಿ ತಂತಿಯನ್ನು ಹೊರಗೇ ನೈಫ್ ಸ್ವಿಚ್ಚಿನಿಂದ ರಾಡಿಗೆ ಸೇರಿಸಿ, ಕೇಬಲ್ ಸೆಟ್ಟಿಂದ ಕಿತ್ತಿಡಿ. ಮೋಡ ಕಟ್ಟುವ ಮುಂಚೆಯೇ ಮಾಡಿ, ಗುಡುಗು ಶುರುವಾದ ಮೇಲೆ ತಂತಿ ಹತ್ತಿರ ಹೋಗಬೇಡಿ.